ನೆತ್ತಿಗೆ ಔಡಲೆಣ್ಣೆ

ಶಿವರಾತ್ರಿ ಕಳೆದು ಬೈಲಹೊಂಗಲದ ಬಿಸಿಲಿಗೆ ಕಾಲೇಜಿನ ತಗಡುಗಳು ಕಾದಿದ್ದವು. ವಿರೂಪಾಕ್ಷ ಸರ್ ಅಂಥ ಹೊತ್ತಿನಲ್ಲಿ ಬೋರ್ಡಿನ ಮೇಲೆ ವಾರ್ಮ್ ಎಂದು ಬರೆದರೆ ಯಾರಿಗೆ ನಗು ಬರುವುದಿಲ್ಲ? ಬಿ.ಎ. ಕೊನೆಯ ವರ್ಷದ ಕ್ಲಾಸು ಗೊಳ್ಳೆಂದಿತು. ಸರ್ ಬಿಡಲಿಲ್ಲ. ವಾರ್ಮ್ ವೆಲ್ಕಮ್, ವಾರ್ಮ್ ಹಾರ್ಟ್, ವಾರ್ಮ್ ಹಗ್ ಎಂದು ಬರೆಯುತ್ತ ಹೋದರು. ಇಂಗ್ಲಿಷಿನಲ್ಲಿ ಪ್ರೀತಿ ಬೆಚ್ಚಗಿರುತ್ತದೆ, ಪ್ರೀತಿ ಇಲ್ಲದವರನ್ನು ಕೋಲ್ಡ್ ಎನ್ನುತ್ತಾರೆ ಎಂದರು. ಇವು ಹಿಮ ಬೀಳುವ ದೇಶದಲ್ಲಿ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತ ಕೂತವರ ಮಾತುಗಳು ಎಂದೂ ಹೇಳಿದರು. ಮುನವಳ್ಳಿಯ ಶೈಲಜಾ ಆ ಕೊನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಉಳಿದ ಶಬ್ದಗಳು ಅವಳಿಗೆ ಹುಚ್ಚು ಹಿಡಿಸಿದವು. ಹಾಸ್ಟೆಲ್ಲಿನಲ್ಲಿ ಚಹಾ ತಂದುಕೊಟ್ಟವಳಿಗೂ ವಾರ್ಮ್ ಥ್ಯಾಂಕ್ಸ್ ಹೇಳತೊಡಗಿದಳು. ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ ಶಬ್ದಗಳಿಂದ ತನ್ನ ಅವ್ವನನ್ನೂ ಅಳೆಯಲು ಹೋದಳು. ಗುರುಬಸವ್ವ ಮಗಳನ್ನು ಅಪ್ಪಿಕೊಂಡವಳಲ್ಲ, ಮುದ್ದಿನ ಮಾತಾಡಿದವಳಲ್ಲ. ಮಗಳು ಮನೆಯಿಂದ ಹೊರಟಳೆಂದರೆ ಹಿಡಿದು ಕೂರಿಸಿ ನೆತ್ತಿಗೆ ಔಡಲೆಣ್ಣೆ ತಟ್ಟುವಳು, ಅಷ್ಟೇ. ಬಸ್ಸಿನಲ್ಲಿ ಪಕ್ಕದವರು ಆ ಜಿಡ್ಡಿಗೆ ಸರಿದು ಕೂರುತ್ತಿದ್ದರು. ಹಾಸ್ಟೆಲ್ಲು ಮುಟ್ಟಿದೊಡನೆ ಶೈಲಜಾ ಶಾಂಪೂ ಹಾಕಿ ತಲೆ ತೊಳೆದುಕೊಳ್ಳುತ್ತಿದ್ದಳು.

ನಮ್ಮ ಸೀಮೆಯಲ್ಲಿ ಸುಡುವುದು ಸಿಟ್ಟು, ಉರಿಯುವುದು ಹೊಟ್ಟೆ. ಒಬ್ಬರಿಗೆ ಒಳ್ಳೆಯದಾಗಲಿ ಎನ್ನಬೇಕಾದರೆ ಹೊಟ್ಟೆ ತಣ್ಣಗಿರಲಿ ಎನ್ನುತ್ತೇವೆ. ಶೈಲಜಾಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಇಂಗ್ಲಿಷಿನಲ್ಲಿ ಇಲ್ಲದ್ದು ಯಾವ ಲೆಕ್ಕಕ್ಕೂ ಇಲ್ಲವೆಂಬ ಸೊಕ್ಕು ಬಂದಿತ್ತು.

ಕಾಲೇಜಿನ ವಾರ್ಷಿಕೋತ್ಸವ, ಗ್ಯಾದರಿಂಗಿನ ದಿನ ಇಂಗ್ಲಿಷ್ ಭಾಷಣದ ಸ್ಪರ್ಧೆ, ವಿಷಯ 'ನನ್ನ ತಾಯಿ'. ಹೊಗಳುವವರೇ ಎಲ್ಲ, ತಾನು ಬೇರೆಯಾಗಿ ಮಾತಾಡಿದರೆ ಪ್ರೈಜು ತನ್ನದೇ ಎಂದು ಅವಳು ತಯಾರಾಗಿದ್ದಳು. ವೇದಿಕೆ ಹತ್ತಿ ನೋಡುತ್ತಾಳೆ, ಮುಂದಿನ ಸಾಲಿನಲ್ಲಿ ಗುರುಬಸವ್ವ! ಯಾರಿಗೂ ಹೇಳದೆ ಮುನವಳ್ಳಿಯ ಬಸ್ಸು ಹಿಡಿದು ಬಂದು, ಮಗಳ ರೂಮಿನ ಮಂಜುಳಾಳ ಪಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಶೈಲಜಾ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಭಾಷಣ ಬಾಯಿಪಾಠವಾಗಿತ್ತು, ಅವ್ವನಿಗೆ ಇಂಗ್ಲಿಷಿನ ಗಂಧವೂ ಇರಲಿಲ್ಲ. ನನ್ನ ತಾಯಿ ಕೋಲ್ಡ್ ಎಂದಳು. ಬೆಚ್ಚನೆಯ ಒಂದು ಮಾತು ಕೇಳದೆ, ಬೆಚ್ಚನೆಯ ಒಂದು ಅಪ್ಪುಗೆ ಕಾಣದೆ ತಾನು ಬೆಳೆದೆ ಎಂದಳು. ಕೊನೆಗೆ ದನಿಯನ್ನೂ ನಡುಗಿಸಿದಳು. ಚಪ್ಪಾಳೆ ಬಿತ್ತು, ಮೊದಲ ಬಹುಮಾನವೂ ಬಂತು.

ತಾಯಿ ಇಲ್ಲೇ ಇದ್ದಾರೆಂದು ಯಾರೋ ಹೇಳಿದ್ದರಿಂದ ವಿರೂಪಾಕ್ಷ ಸರ್, ಬಹುಮಾನ ಅವರ ಕೈಯಿಂದಲೇ ಆಗಲಿ ಎಂದು ಕರೆದರು. ಗುರುಬಸವ್ವ ಬಂದು ಬಹುಮಾನದ ಕಪ್ಪನ್ನು ಮಗಳ ಕೈಗಿತ್ತಳು. ಆಮೇಲೆ ಚೀಲದಿಂದ ಬಾಟಲಿ ತೆಗೆದು, ಅಂಗೈಗೆ ಎಣ್ಣೆ ಸುರಿದುಕೊಂಡು ಮಗಳ ನೆತ್ತಿಗೆ ತಟ್ಟಿದಳು.

“ತಂಪಾಗಿರು ನನ ಮಗಳ.”

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಎಣ್ಣೆ ಹಣೆಗಿಳಿಯುತ್ತಿದ್ದರೆ ಶೈಲಜಾಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮೆಟ್ಟಿಲಿಳಿಯುತ್ತಲೇ ಕರ್ಚೀಫಿನಿಂದ ತಲೆಯನ್ನು ತಿಕ್ಕಿ ಒರೆಸಿಕೊಂಡಳು. ಅವ್ವ ಅದನ್ನು ನೋಡಿ, ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು.

ಅವ್ವನನ್ನು ಬಸ್ಸಿಗೆ ಹತ್ತಿಸಲು ಶೈಲಜಾ, ಮಂಜುಳಾ ಇಬ್ಬರೂ ಹೋದರು. ದಾರಿಯಲ್ಲಿ ಅವ್ವ ಕೇಳದಿದ್ದರೂ ಶೈಲಜಾ ತಾನಾಗಿಯೇ, ಭಾಷಣದಲ್ಲಿ ನಿನ್ನನ್ನು ಬಾಳ ಹೊಗಳಿದೆ ಎಂದು ಸುಳ್ಳು ಹೇಳಿದಳು.

“ಹೌದನವಾ? ಚಲೋ ಆತು ಬಿಡು,” ಎಂದು ಗುರುಬಸವ್ವ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

ಮಂಜುಳಾ ಶೈಲಜಾಳನ್ನು ಬಾಳೆಹಣ್ಣಿನ ಗಾಡಿಯ ಹಿಂದೆ ಎಳೆದಳು. ಭಾಷಣ ನಡೆದಾಗ ನಿಮ್ಮವ್ವ ಒಂದೊಂದು ಮಾತಿನ ಅರ್ಥವನ್ನೂ ಕೇಳಿದಳು ಎಂದಳು. ತಾನು ಮೊದಮೊದಲು ಏನೇನೋ ಹೇಳಿ ತೇಲಿಸಿದೆ, ಆದರೆ ಸುತ್ತಲಿನವರ ಮುಖ ನೋಡಿ ಅವಳಿಗೆ ಅನುಮಾನ ಬಂತು ಎಂದಳು.

“‘ಮುಚ್ಚಿಡಬ್ಯಾಡ, ಆಕಿ ಅಂದದ್ದ ಹೇಳು’ ಅಂದ್ಳು. ಎಲ್ಲಾ ಹೇಳಿದ್ನಿ. ಕೇಳಿ, ಸೆರಗಿಲೆ ಮಾರಿ ಒರಸ್ಕೊಂಡು ಸ್ಟೇಜಿನ ಮ್ಯಾಲ ಬಂದ್ಳು.”

ಅಂದರೆ ಎಲ್ಲ ತಿಳಿದ ಮೇಲೆಯೇ ಎಣ್ಣೆ ತಟ್ಟಿದ್ದಳು. ದಾರಿಯ ಸುಳ್ಳನ್ನೂ ಸುಳ್ಳೆಂದು ಗೊತ್ತಿದ್ದೇ ಕೇಳಿಸಿಕೊಂಡಿದ್ದಳು. ಶೈಲಜಾಳಿಗೆ ತನ್ನ ಬಗ್ಗೆ ಹೇಸಿಕೆಯಾಯಿತು.

ಓಡಿಹೋಗಿ ಕಿಟಕಿಯ ಕೆಳಗೆ ನಿಂತಳು. ಕಲಿತ ಶಬ್ದಗಳನ್ನೆಲ್ಲ ತಡಕಾಡಿದಳು. ಸಾರಿ ಎಂಬುದೊಂದು ನಾಲಿಗೆಗೆ ಬಂತು. ಬಸ್ಸಿನಲ್ಲಿ ಕಾಲು ತುಳಿದರೆ ಅನ್ನುವ ಮಾತನ್ನು ಅವ್ವನಿಗೆ ಹೇಗೆ ಅನ್ನುವುದು? ಮುಖವೆತ್ತಿ ನೋಡಲೂ ಆಗಲಿಲ್ಲ. ಸರಳಿನ ಸಂದಿಯಿಂದ ಗುರುಬಸವ್ವನ ಕೈ ಹೊರಬಂದು ಅವಳ ತಲೆಯನ್ನು ಮುಟ್ಟಿ ನೋಡಿತು.

“ಎಲ್ಲಾ ಒರಸ್ಕೊಂಡೀಯಲ್ಲ. ಬಿಸಲಾಗ ನಿಂತೀದಿ, ನೆತ್ತಿ ಸುಡಾಕ ಹತ್ತೇತಿ,” ಎಂದು ಚೀಲಕ್ಕೆ ಕೈ ಹಾಕಿದಳು. “ಬಗ್ಗು.”

ಬಸ್ ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿದ್ದರು. ಶೈಲಜಾ ತಲೆ ಬಗ್ಗಿಸಿದಳು. ಬಸ್ಸು ಹೋದ ಮೇಲೂ ಅವಳಿಗೆ ತಲೆ ಎತ್ತಲಾಗಲಿಲ್ಲ.