ಷಡ್ಡಕನ ಜರುಗುವ ಗೋಡೆ

ಷಡ್ಡಕ ಗಿರಿಧರ ಹಳೇ ಮೋಟರ್‌ಹೋಮ್ ಕೊಂಡಾಗಿನಿಂದ ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಎಂಬ ಊರಿನ ಚಂದ್ರಮೋಹನನಿಗೆ ಹೊಟ್ಟೆಯೊಳಗೆ ಕಿಚ್ಚು. ಚಕ್ರದ ಮೇಲಿನ ಮನೆ, ಬಟನ್ ಒತ್ತಿದರೆ ಗೋಡೆಯೇ ಹೊರಕ್ಕೆ ಜರುಗಿ ಒಳಗೆ ಜಾಗ ದೊಡ್ಡದಾಗುವ ಗಾಡಿ ಅದು! ಎರಡೂ ಮನೆಯವರು ಅದರಲ್ಲಿ ಸ್ಯಾನ್ ಡಿಯಾಗೋಗೆ ಹೋದಾಗ ಹೈಡ್ರಾಲಿಕ್ ಆಯಿಲ್ ಸೋರಿ, ಆ ಗೋಡೆ ಒಳಕ್ಕೆ ಬಾರದೆ ನಿಂತಿತು. ಚಂದ್ರಮೋಹನನಿಗೆ ಹಾಲು ಕುಡಿದಷ್ಟು ಸಂತೋಷ.

“ಗುಜರಿ ಮಾಲು ಕಣೋ, ಬಂದ ಬೆಲೆಗೆ ತಳ್ಳಿಬಿಡು” ಅಂದ.

“ಭಾವಂಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ? ಮೆಕ್ಯಾನಿಕ್‌ನ ಕರೆಸಿ” ಎಂದು ನಾದಿನಿ ಆರತಿ ಗಂಡನಿಗೆ ಹೇಳಿದ್ದೇ ತಡ, ಚಂದ್ರಮೋಹನ ಉರಿದುಕೊಂಡು ಗಾಡಿಯಡಿ ನುಗ್ಗಿದ. ಪೈಪುಗಳನ್ನೆಲ್ಲ ಒರೆಸಿ, ಪಂಪ್ ಓಡಿಸಿ, ಆಯಿಲ್ ಒಸರಿ ಒದ್ದೆಯಾದ ಜಾಯಿಂಟ್ ಪತ್ತೆಹಚ್ಚಿ ಬಿಗಿ ಮಾಡಿ, ಆಯಿಲ್ ತುಂಬಿಸಿದ. ಗೋಡೆ ಬೆಣ್ಣೆಯ ಹಾಗೆ ಒಳಗೆ ಸರಿಯಿತು.

ಗಿರಿಧರ ಅವನ ಕೈ ಹಿಡಿದುಕೊಂಡ. “ಉಳಿಸಿಕೊಟ್ರಿ ಭಾವ! ರಿಪೇರಿ ಆಗದಿದ್ರೆ ನಿಮಗೇ ಕೊಟ್ಟುಬಿಡೋಣ ಅಂತಿದ್ವಿ. ನಿಮಗೆಷ್ಟು ಆಸೆ ಅಂತ ಗೊತ್ತಿಲ್ವಾ ನಮಗೆ?”