ಅಟ್ಟದ ಮೇಲಿನ ಸೇಬಿನ ರಸ

ಲೀಲಾಕ್ಷಿಗೆ ಮೊದಲು ಹೆದರಿಕೆಯಾದದ್ದು ಪೊಲೀಸರದು. ಗಂಡ ಸುಬ್ಬಯ್ಯ ಸೇಬು ರುಬ್ಬಿ, ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ, ರಸವನ್ನು ನೀರಿನ ಕ್ಯಾನಿಗೆ ತುಂಬುತ್ತಿದ್ದಾಗಲೇ ಅವಳು ಕೇಳಿದ್ದಳು, "ಇದು ಹೆಂಡ ಅಲ್ವಾ? ಪರ್ಮಿಟ್ ಇಲ್ಲದೆ ಮನೆಯಲ್ಲಿ ಹೀಗೆಲ್ಲ ಮಾಡಬಹುದಾ?"

"ಎಂತ ಹೆಂಡ ಮಾರಾಯ್ತಿ? ಹಣ್ಣಿನ ರಸ. ಸ್ವಲ್ಪ ಹುಳಿ ಬರ್ತದೆ, ಅಷ್ಟೆ. ಇಡ್ಲಿ ಹಿಟ್ಟು ಹುಳಿ ಬರುವುದಿಲ್ವಾ?"

ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ ಅವರದೊಂದು ಸಣ್ಣ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ದಿನಾ ಬೆಳಿಗ್ಗೆ ತಿಂಡಿಗೆ ಬರುತ್ತಿದ್ದ ಹಿಮಾಚಲದ ಕುಲ್ಲು ಕಡೆಯ ಮಿಲಿಟರಿ ಸುಬೇದಾರರೊಬ್ಬರು ಆ ಡಿಸೆಂಬರಿನಲ್ಲಿ ರಜೆ ಮುಗಿಸಿ ಬರುವಾಗ ಎರಡು ಪೆಟ್ಟಿಗೆ ಸೇಬು ತಂದುಕೊಟ್ಟಿದ್ದರು. ರೈಲಿನಲ್ಲಿ ಅರ್ಧಕ್ಕರ್ಧ ಜಜ್ಜಿಹೋಗಿದ್ದವು. ಇಂಥ ಹಣ್ಣನ್ನು ತಮ್ಮೂರಲ್ಲಿ ಎಸೆಯುವುದಿಲ್ಲ, ರಸ ಹಿಂಡಿ ಹುದುಗಲು ಇಡುತ್ತಾರೆ, ಆಮೇಲೆ ಅದರ ರುಚಿಯೇ ಬೇರೆ ಎಂದು ಹೇಳಿ, ಹೊಸ ವರ್ಷಕ್ಕೆ ಮೊದಲೇ ಅವರು ಬೇರೆ ಊರಿಗೆ ವರ್ಗವಾಗಿ ಹೋದರು. ಹೇಗೆ, ಎಷ್ಟು ದಿನ ಎಂದು ಕೇಳಲು ಇನ್ನು ಯಾರೂ ಇರಲಿಲ್ಲ.

ಜೀವಮಾನವಿಡೀ ಹಿಟ್ಟು ಹುದುಗಿಸಿದ ಸುಬ್ಬಯ್ಯನಿಗೆ ಕೇಳುವ ಅಗತ್ಯವೂ ಕಾಣಲಿಲ್ಲ. ಆದರೆ ರಸ ಹಿಟ್ಟಿನ ಹಾಗೆ ಮಾತು ಕೇಳಲಿಲ್ಲ. ವಾರವಾದರೂ ಒಂದು ಗುಳ್ಳೆ ಇಲ್ಲ. ಕ್ರಿಮಿ ಸಾಯಲೆಂದು ಅವರು ರಸವನ್ನು ಮೊದಲೇ ಕುದಿಸಿದ್ದರು. ಹುದುಗಿಸುವ ಜೀವಾಣುವೂ ಅದರ ಜೊತೆಗೇ ಸತ್ತಿರಬೇಕು ಎಂದು ಬೇಕರಿಯವನು ಹೇಳಿದ ಮೇಲೆ ಒಂದು ಚಮಚ ಯೀಸ್ಟ್ ತಂದು ಹಾಕಿದರು. ಎರಡು ದಿನ ಬುಳುಬುಳು ಎಂದಿತು. ಅಷ್ಟರಲ್ಲಿ ಪುಣೆಯ ಜನವರಿ ಚಳಿ ಬಿಗಿಯಾಯಿತು, ರಸ ಮತ್ತೆ ಮಲಗಿತು. ಕ್ಯಾನಿಗೆ ಕಂಬಳಿ ಸುತ್ತಿದರು, ಇಡ್ಲಿ ಬೇಯಿಸುವ ಒಲೆಯ ಪಕ್ಕ ಇಟ್ಟರು, ಬೇಗ ಏಳಲೆಂದು ಸಕ್ಕರೆ ಸುರಿದರು. ಒಮ್ಮೊಮ್ಮೆ ಒಂದೊಂದು ಗುಳ್ಳೆ ಸೋಮಾರಿಯಂತೆ ಮೇಲೆ ಬರುತ್ತಿತ್ತು. ಕಡೆಗೆ ಅದೂ ನಿಂತಿತು.

"ಆಯ್ತು, ಮುಗಿಯಿತು" ಎಂದರು ಸುಬ್ಬಯ್ಯ.

ಲೀಲಾಕ್ಷಿ ಬೆರಳದ್ದಿ ನೋಡಿದಳು. "ಇನ್ನೂ ಪಾನಕದ ಹಾಗೆ ಸಿಹಿ ಉಂಟು. ಸಿಹಿ ಹಾಗೇ ಇದ್ದರೆ ಹುಳಿ ಎಲ್ಲಿ ಬಂತು?"

"ನಿನಗೆ ಎಲ್ಲದರಲ್ಲೂ ಸಂಶಯ."

ಶರಬತ್ತಿನ ಖಾಲಿ ಬಾಟಲಿಗಳನ್ನು ತೊಳೆದು ರಸ ತುಂಬಿದರು. ಬಿರಡೆ ಬಿಗಿದು, ಮೇಲೆ ಮೇಣ ಹಚ್ಚಿ, ನಡುಕೋಣೆಯ ಅಟ್ಟದ ಮೇಲೆ ಸಾಲಾಗಿ ನಿಲ್ಲಿಸಿದರು. ಆಮೇಲೆ ಮನೆಯಲ್ಲಿ ಎಲ್ಲರೂ ಅದನ್ನು ಮರೆತರು.

ಮರೆಯಲು ಕಾರಣವೂ ಇತ್ತು. ಮಗ ಲತೇಶನ ಹೆಂಡತಿ ತನುಶ್ರೀಯ ಬಾಣಂತನದ ರಜೆ ಮಾರ್ಚಿನಲ್ಲಿ ಮುಗಿಯಿತು. ಅವಳು ಬೆಳಿಗ್ಗೆ ಕಂಪನಿಯ ಕ್ಯಾಬಿನಲ್ಲಿ ಹಿಂಜವಾಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗು ಅಜ್ಜಿಯ ಪಾಲಿಗೆ ಬಂತು. ಮೊದಲ ದಿನ ಹೊರಡುವಾಗ ತನುಶ್ರೀ ಬಾಗಿಲಲ್ಲಿ ನಿಂತು, "ಅತ್ತೆ, ನೀವಿದ್ದೀರಂತ ನಾನು ಹೋಗ್ತಾ ಇದ್ದೇನೆ" ಎಂದಿದ್ದಳು.

ಏಪ್ರಿಲ್ ಬಂತು. ತಗಡಿನ ಮಾಡು ಕಾದು ಕೋಣೆಗಳೆಲ್ಲ ಒಲೆಯಾದವು. ಗಾಳಿಯಾಡುವುದು ನಡುಕೋಣೆಯಲ್ಲಿ ಮಾತ್ರವೆಂದು ಲೀಲಾಕ್ಷಿ ಮಗುವಿನ ಜೋಲಿಯನ್ನು ಅಲ್ಲಿನ ಕೊಕ್ಕೆಗೆ ಕಟ್ಟಿದಳು. ಜೋಲಿಯ ತಲೆಯ ಮೇಲೆ ನೇರವಾಗಿ ಅಟ್ಟ.

ಆ ಮಧ್ಯಾಹ್ನ ಲತೇಶ ಇಂದಾಪುರದ ಮದುವೆಯೊಂದಕ್ಕೆ ಅಡುಗೆಯ ತಂಡದೊಂದಿಗೆ ಹೋಗಿದ್ದ. ಸುಬ್ಬಯ್ಯ ಕೆಳಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಿದ್ದರು. ಲೀಲಾಕ್ಷಿ ಮಗುವನ್ನು ಮಲಗಿಸಿ, ಬಟ್ಟೆ ಒಣಗಿಸಲು ಕೋಣೆಯ ಎದುರಿನ ತಾರಸಿಗೆ ಬಂದಿದ್ದಳಷ್ಟೆ. ಒಳಗೆ ಢಮ್ಮೆಂದಿತು.

ಪಕ್ಕದ ತಾರಸಿಯಿಂದ ರಂಗೂಬಾಯಿ ಕೂಗಿದಳು, "ಅಹೋ ವಹಿನಿ, ಸಿಲಿಂಡರ್ ಫುಟಲಾ ಕಾ?"

ಸಿಲಿಂಡರೇ ಒಡೆಯಿತೆಂದು ಲೀಲಾಕ್ಷಿಗೂ ಅನಿಸಿತ್ತು. ಆದರೆ ಬಾಗಿಲಿಗೆ ಓಡಿ ಬಂದಾಗ ಬೆಂಕಿ ಇರಲಿಲ್ಲ. ನೆಲದ ತುಂಬ ಗಾಜು. ಅಟ್ಟದ ಅಂಚಿನಿಂದ ಹಳದಿ ರಸ ಜೋಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಜೋಲಿ ಅಲುಗಲಿಲ್ಲ. ಮಗುವಿನ ಸದ್ದಿಲ್ಲ.

ಅವಳು ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟಳು. ಆ ಕ್ಷಣಕ್ಕೆ ಮಗು ಕಿಟಾರನೆ ಕಿರಿಚಿತು. ಅಳು ಕೇಳಿ ಇಷ್ಟು ಸಮಾಧಾನವಾದದ್ದು ಅವಳ ಬಾಳಿನಲ್ಲೇ ಇಲ್ಲ.

ಒಳಗೆ ಕಾಲಿಡುವಷ್ಟರಲ್ಲಿ ಎರಡನೆಯದು ಸಿಡಿಯಿತು. ಚೂರುಗಳು ಎದುರಿನ ಗೋಡೆಗೆ ಬಡಿದು ಬಿದ್ದವು. ಅವಳು ಹಿಂದೆ ಸರಿದಳು. ಅಟ್ಟದ ಮೇಲಿನಿಂದ ಬುಸ್ಸೆಂಬ ಸದ್ದು ಬರುತ್ತಲೇ ಇತ್ತು, ಮೂಲೆಯಲ್ಲಿ ಹಾವು ಸೇರಿಕೊಂಡ ಹಾಗೆ. ಇನ್ನೂ ಎಷ್ಟಿವೆ, ಯಾವುದು ಯಾವಾಗ ಒಡೆಯುತ್ತದೆ, ಒಂದೂ ತಿಳಿಯದು. ಕಾಲು ಮುಂದಕ್ಕೆ ಹೋಗಲೊಲ್ಲದು. ಮಗು ಅಳುತ್ತ ಜೋಲಿಯ ಬಟ್ಟೆಯನ್ನು ಒದೆಯುತ್ತಿತ್ತು.

ಒಣಗಲು ಹಾಕಿದ್ದ ಸಂಡಿಗೆಯ ದೊಡ್ಡ ಹರಿವಾಣ ತಾರಸಿಯಲ್ಲಿತ್ತು. ಸಂಡಿಗೆಯನ್ನು ಅಲ್ಲೇ ಕವುಚಿ, ಹರಿವಾಣವನ್ನು ತಲೆಯ ಮೇಲೆ ಹಿಡಿದು ಅವಳು ಒಳಗೆ ನುಗ್ಗಿದಳು. ಬರಿಗಾಲಿಗೆ ಗಾಜು ಚುಚ್ಚಿದ್ದು ಗೊತ್ತಾಗಲಿಲ್ಲ. ಒಂದೇ ಕೈಯಲ್ಲಿ ಮಗುವನ್ನು ಜೋಲಿಯಿಂದ ಎಳೆದು ಎದೆಗೊತ್ತಿಕೊಂಡಳು. ತಿರುಗುವಾಗ ಮತ್ತೊಂದು ಸಿಡಿದು ಹರಿವಾಣದ ಮೇಲೆ ಕಲ್ಲು ಸುರಿದಂತಾಯಿತು. ಹೇಗೆ ಹೊರಗೆ ಬಂದಳೋ, ತಾರಸಿಯ ಬಿಸಿಲಿನಲ್ಲಿ ಕುಸಿದು ಕುಳಿತಳು.

ಮಗುವಿನ ಅಂಗಿಯ ಮೇಲೆ ರಕ್ತ.

ಅವಳು ಅಂಗಿ ಕಿತ್ತು ಹೊಟ್ಟೆ ನೋಡಿದಳು, ಬೆನ್ನು ನೋಡಿದಳು, ಕಣ್ಣು, ನೆತ್ತಿ, ಕೈಕಾಲಿನ ಬೆರಳುಗಳ ಸಂದು. ಒರೆಸಿದಷ್ಟೂ ಹೊಸ ರಕ್ತ. ತಾರಸಿ ದಾಟಿ ಬಂದ ರಂಗೂಬಾಯಿ ಅವಳ ಮೊಣಕೈ ಹಿಡಿದು ತೋರಿಸಿದಳು. ರಕ್ತ ಇಳಿಯುತ್ತಿದ್ದದ್ದು ಅಲ್ಲಿಂದ. ಮಗುವಿಗೆ ಕಿವಿಯ ಹಿಂದೆ ಕೂದಲೆಳೆಯಷ್ಟು ಗೀರು, ಅಷ್ಟೆ.

ಸುಬ್ಬಯ್ಯ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ನೋಡಿದ ಕೂಡಲೇ ಅರ್ಥವಾಯಿತು. "ನಾನು ಹೋಗಿ ಉಳಿದದ್ದನ್ನು ಇಳಿಸ್ತೇನೆ" ಎಂದು ಬಾಗಿಲ ಕಡೆ ನಡೆದರು.

"ಒಂದು ಹೆಜ್ಜೆ ಇಡ್ಬೇಡಿ!" ಲೀಲಾಕ್ಷಿ ಕಿರುಚಿದಳು. "ಕೈಯಲ್ಲೇ ಒಡೆದರೆ? ಬಾಗಿಲು ಹಾಕಿ. ಬಿಸಿಲು ಇಳಿಯಲಿ."

ಫೈರ್ ಬ್ರಿಗೇಡಿಗೆ ಫೋನು ಮಾಡೋಣವೆಂದಳು ರಂಗೂಬಾಯಿ. ಸುಬ್ಬಯ್ಯ ಗಾಬರಿಯಿಂದ ಬೇಡ ಬೇಡವೆಂದರು. ಪೊಲೀಸರು ಬಂದರೆ ಏನು ಹೇಳುವುದು? ಹೋಟೆಲಿನ ಲೈಸೆನ್ಸಿನ ಗತಿ? ಅವರು ಮೆಟ್ಟಿಲ ಮೇಲೆ ತಲೆ ಹಿಡಿದು ಕುಳಿತರು. ಮುಚ್ಚಿದ ಬಾಗಿಲ ಹಿಂದೆ ಆಗೊಮ್ಮೆ ಈಗೊಮ್ಮೆ ಢಮ್ಮೆನ್ನುತ್ತಿತ್ತು. ಪ್ರತಿ ಸಲವೂ ಮೂವರೂ ಬೆಚ್ಚುತ್ತಿದ್ದರು, ಮಗು ಹೊಸದಾಗಿ ಅಳುತ್ತಿತ್ತು.

"ಸತ್ತಿದೆ ಅಂದುಕೊಂಡೆ ಲೀಲಾ. ಅದು ಚಳಿಗೆ ಮಲಗಿತ್ತು" ಎಂದರು ಸುಬ್ಬಯ್ಯ. "ಸಿಹಿ ಉಂಟು ಅಂತ ನೀನು ಹೇಳಿದ್ದಿ. ಆ ಸಿಹಿಯೆಲ್ಲ ಈ ಬಿಸಿಲಿಗೆ ಎದ್ದಿತು. ನಾನು ಉಸಿರಾಡಲು ಜಾಗವಿಲ್ಲದ ಹಾಗೆ ಬಾಯಿ ಕಟ್ಟಿದ್ದೆ."

ಬಿಸಿಲು ತಗ್ಗಿದ ಮೇಲೆ ಅವರು ಮಗನ ಹೆಲ್ಮೆಟ್ ಹಾಕಿ, ಕಂಬಳಿ ಹೊದ್ದು, ಒದ್ದೆ ಗೋಣಿಚೀಲಗಳನ್ನು ಹಿಡಿದು ಒಳಗೆ ಹೋದರು. ಅಟ್ಟದ ಮೇಲೆ ಚೀಲ ಹರಡಿ, ಹೋಟೆಲಿನಿಂದ ತಂದ ಮಂಜುಗಡ್ಡೆಯನ್ನು ಅದರ ಮೇಲೆ ಸುರಿದು, ತಣಿದ ಮೇಲೆ ಒಂದೊಂದೇ ಬಾಟಲಿಯನ್ನು ಗೋಣಿಯೊಳಗೇ ಹಿಡಿದು ಬಿರಡೆ ಸಡಿಲಿಸಿದರು. ಪ್ರತಿಯೊಂದೂ ನೊರೆ ಕಾರುತ್ತಿತ್ತು. ಲೀಲಾಕ್ಷಿ ಬಾಗಿಲ ಹೊರಗೆ ನಿಂತು ಎಲ್ಲ ದೇವರ ಹೆಸರನ್ನೂ ಹೇಳಿದಳು. ರಸವೆಲ್ಲ ಬಚ್ಚಲಿಗೆ ಹೋಯಿತು. ಮನೆಯಿಡೀ ಸೇಬಿನ ಘಮ.

ಗಾಜು ಗುಡಿಸುತ್ತ ಸುಬ್ಬಯ್ಯ ತಗ್ಗಿದ ದನಿಯಲ್ಲಿ ಹೇಳಿದರು, "ಕುಪ್ಪಿ ಒಡೆಯಿತು ಅಂತ ಹೇಳುವ. ಮಗು ಅಡಿಯಲ್ಲೇ ಇತ್ತು ಅಂತ ತನುಶ್ರೀಗೆ ಹೇಳ್ಬೇಡ. ಆಮೇಲೆ ಅವಳು ಮಗುವನ್ನು ನಮ್ಮ ಹತ್ತಿರ ಬಿಡುವುದಿಲ್ಲ."

ಲೀಲಾಕ್ಷಿಗೂ ಅದೇ ಭಯ. ಮಧ್ಯಾಹ್ನದ ಭಯಕ್ಕಿಂತ ಇದು ಬೇರೆ ಥರದ್ದು. ಕೆಳಗೆ ಕ್ಯಾಬು ನಿಂತ ಸದ್ದಾಯಿತು. ತನುಶ್ರೀ ನಗುತ್ತ ಒಳಗೆ ಬಂದು ಮಗುವಿಗೆ ಕೈ ಚಾಚಿದಳು. ಅತ್ತೆಯ ಕೈಗೆ, ಕಾಲಿಗೆ ಕಟ್ಟಿದ ಬಟ್ಟೆ ಕಂಡು ನಿಂತಳು.

"ಎಂತ ಆಯ್ತು ಅತ್ತೆ?"

ಲೀಲಾಕ್ಷಿ ಗಂಡನ ಕಡೆ ನೋಡಲಿಲ್ಲ. ಜೋಲಿ ಎಲ್ಲಿ ಕಟ್ಟಿದ್ದು, ತಾನು ಎಲ್ಲಿದ್ದದ್ದು, ಬಾಗಿಲಲ್ಲಿ ಹಿಂದೆ ಸರಿದದ್ದು, ಒಂದನ್ನೂ ಬಿಡದೆ ಹೇಳಿದಳು. ತನುಶ್ರೀ ಮಗುವಿನ ಕಿವಿಯ ಹಿಂದಿನ ಗೀರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಮಗುವನ್ನೆತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ಬೆಳಿಗ್ಗೆ ಕ್ಯಾಬು ಹಾರನ್ ಮಾಡಿದಾಗ ಅವಳು ತಯಾರಾಗಿ ಹೊರಗೆ ಬಂದಳು. ಮಗುವನ್ನು ಅತ್ತೆಯ ತೊಡೆಯ ಮೇಲೆ ಮಲಗಿಸಿ ಒಂದು ಕ್ಷಣ ನಿಂತಳು. "ಮತ್ತೆ ಒಡೆಯುತ್ತದೆ ಅಂತ ಗೊತ್ತಿದ್ದೂ ಹೇಗೆ ಒಳಗೆ ಹೋದಿರಿ ಅತ್ತೆ?"

"ಗೊತ್ತಿಲ್ಲ ಮಗಾ" ಎಂದಳು ಲೀಲಾಕ್ಷಿ. ಅಷ್ಟು ಹೇಳುವಷ್ಟರಲ್ಲಿ, ಅಂದಿನಿಂದ ಒಮ್ಮೆಯೂ ನಡುಗದ ಅವಳ ಕೈಗಳು ಗಡಗಡನೆ ನಡುಗತೊಡಗಿದವು. ತನುಶ್ರೀ ಬ್ಯಾಗು ಕೆಳಗಿಟ್ಟು ಪಕ್ಕದಲ್ಲಿ ಕುಳಿತು ಆ ಕೈಗಳನ್ನು ಹಿಡಿದುಕೊಂಡಳು. ಕೆಳಗೆ ಕ್ಯಾಬಿನವನು ಮತ್ತೆ ಮತ್ತೆ ಹಾರನ್ ಹೊಡೆಯುತ್ತಿದ್ದ.