ಹದಿನಾರರಲ್ಲಿ ಮೇಲೇಳುವ ಒಂಬತ್ತು

ಹೊಸ ಯುದ್ಧವಿಮಾನ ಒಂದಕ್ಕೆ ಇಪ್ಪತ್ತು ಕೋಟಿ ಎಂದು ಪೇಪರಿನಲ್ಲಿ ಬಂದ ದಿನ, ರೈತರ ಮಾಲು ಮಾರಿಕೊಡುವ ಆಳಂದದ ಅಡತಿ ವ್ಯಾಪಾರಿ ನಾಗಣ್ಣ ಹೋಟೆಲಿನಲ್ಲಿ ಚಹಾದ ಬಸಿ ಪಕ್ಕಕ್ಕೆ ಸರಿಸಿ ಲೆಕ್ಕ ಹಾಕಿದ. ತೊಗರಿ ಕ್ವಿಂಟಲಿಗೆ ಆರುನೂರು. ಅಂದರೆ ಮೂರು ಲಕ್ಷ ಮೂವತ್ತಮೂರು ಸಾವಿರ ಕ್ವಿಂಟಲ್. ಲಾರಿಗೆ ನೂರು ಕ್ವಿಂಟಲ್ ಹಿಡಿದರೆ ಮೂರು ಸಾವಿರದ ಮುನ್ನೂರು ಲಾರಿ.

"ಸಾಲಾಗಿ ನಿಲ್ಲಿಸಿದ್ರ ಗುಲಬರ್ಗಾ ಮುಟ್ಟತಾವ," ಎಂದ ನಾಗಣ್ಣ. "ಒಂದು ವಿಮಾನಕ್ಕ! ಅದೂ ಮಂದಿ ದೇಶದ್ದು. ನಾಳೆ ಅದರ ಒಂದು ಬೋಲ್ಟು ಮುರೀತಂದ್ರ ಅವರ ಮನಿ ಬಾಗಿಲಕ್ಕೇ ಹೋಗಿ ನಿಂದರಬೇಕು. ಬಾಡಿಗಿ ಎತ್ತು ನಂಬಿ ಬಿತ್ತಾಕ ನಿಂತಾಂವನ ಹೊಲದ ಹಸಿ ಆರಿಹೋಗತದ, ಬುರಾನಸಾಬ."

ಎದುರಿಗೆ ಕೂತಿದ್ದ ಬುರಾನುದ್ದೀನ ನಕ್ಕ. ಅವನು ವಾಯುಪಡೆಯಲ್ಲಿ ಹದಿನೈದು ವರ್ಷ ಫಿಟ್ಟರ್ ಆಗಿದ್ದು, ಸಾರ್ಜೆಂಟ್ ಎನಿಸಿಕೊಂಡು ಊರಿಗೆ ಬಂದವನು. ಈಗ ಬಸ್‌ಸ್ಟ್ಯಾಂಡಿನ ಹಿಂದೆ, ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ ರಿಪೇರಿಯ ಶೆಡ್ಡು ಹಾಕಿದ್ದ. ಅಫಜಲಪುರ, ಜೇವರ್ಗಿ ಕಡೆಯ ರೈತರೂ ಬಂಡಿಯ ಮೇಲೆ ಎಂಜಿನ್ ಹೇರಿಕೊಂಡು ಅವನನ್ನೇ ಹುಡುಕಿ ಬರುತ್ತಿದ್ದರು.

"ಮನ್ಯಾಗ ಹುಟ್ಟಿದ ಕರ ಎತ್ತಾಗೂತನಕ ವೈರಿ ಕಾಯ್ಕೋತ ಕುಂದರ್ತಾನೇನು, ನಾಗಣ್ಣ? ನಮ್ಮವರು ಮಾಡ್ತೇವಿ ಮಾಡ್ತೇವಿ ಅನ್ಕೋತ ಕಾಗದದ ಮ್ಯಾಲೇ ಹಾರಸಾಕತ್ತಾರ. ನಾ ಬಿಗಿ ಮಾಡಿದ ಮಷೀನಂಥಾದ್ದು ಜಗತ್ತಿನ್ಯಾಗ ಇನ್ನೊಂದಿಲ್ಲ. ನಿನ್ನ ಮಗ ಅದನ್ನ ನಡಸ್ತಾನ. ಅವಗ ಕೇಳು."

"ಅವಗ ಏನ್ ಕೇಳಲಿ? ಸಣ್ಣಾಂವಿದ್ದಾಗಿಂದ ನೀ ಅಂದದ್ದೇ ಅವಗ ವೇದವಾಕ್ಯ," ಎಂದ ನಾಗಣ್ಣ. ಹೋಟೆಲಿನಲ್ಲಿದ್ದ ಹತ್ತು ಮಂದಿ ನಕ್ಕರು.

ಅದು ಸುಳ್ಳಲ್ಲ. ನಾಗಣ್ಣನ ಒಬ್ಬನೇ ಮಗ ಶಾಂತಲಿಂಗಪ್ಪನನ್ನು ಬಿಜಾಪುರದ ಸೈನಿಕ ಶಾಲೆಯ ಪರೀಕ್ಷೆಗೆ ಕೈಹಿಡಿದು ಕರೆದುಕೊಂಡು ಹೋದವನು ಬುರಾನುದ್ದೀನ. ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಶಾಂತು ಪೈಲಟ್ ಆದ ದಿನ ಇಡೀ ಓಣಿಗೆ ಪೇಢೆ ಹಂಚಿದವನೂ ಅವನೇ. ಇಪ್ಪತ್ತಮೂರರ ಆ ಹುಡುಗ ಈಗ, ಎಂಬತ್ತೊಂಬತ್ತರ ದೀಪಾವಳಿಗೆ, ಹತ್ತು ದಿನದ ರಜೆಯ ಮೇಲೆ ಬಂದಿದ್ದ.

ಅದೇ ಮಧ್ಯಾಹ್ನ ಶಾಂತು ಶೆಡ್ಡಿಗೆ ಬಂದ. ಬಂದವನು ಒಂದು ಸ್ಪ್ಯಾನರ್ ಎತ್ತಿಕೊಂಡು ಸುಮ್ಮನೆ ತಿರುವುತ್ತ ನಿಂತ.

"ಚಾಚಾ, ಒಂದು ಮಾತು. ಅಪ್ಪಗ ಹೇಳಬ್ಯಾಡ್ರಿ."

"ಹುಡುಗಿ ನೋಡೀ ಏನು?"

"ಅದಲ್ರಿ." ಅವನು ನಗಲಿಲ್ಲ. "ನಮ್ಮ ಸಾಲಿನ್ಯಾಗ ಹದಿನಾರು ವಿಮಾನ ನಿಂತಾವ. ಮುಂಜಾನೆ ಮ್ಯಾಲೇಳಾವು ಒಂಬತ್ತೇ. ಹೊರಗಿಂದ ಪಾರ್ಟ್ ಬರವಲ್ಲವು. ಉಳಿದ ಏಳರಾಗಿಂದು ಬಿಚ್ಚಿ ಬಿಚ್ಚಿ ಈ ಒಂಬತ್ತಕ್ಕ ಹಾಕಾಕತ್ತಾರ. ಹೋದ ತಿಂಗಳು ನಂದು ನೆಲಕ್ಕಿಳಿಯೂ ಹೊತ್ತಿನ್ಯಾಗ ಒಮ್ಮೆ ಎಂಜಿನ್ ಉಸಿರು ಹಿಡೀತು. ಮತ್ತ ಚಾಲೂ ಆತು. ಆದ್ರ…"

"ಬೇಟಾ, ಅದು ನಮ್ಮ ಕಾಲದಾಗೂ ಇತ್ತು." ಬುರಾನುದ್ದೀನ ಮೂಲೆಗೆ ಕೈ ತೋರಿಸಿದ. "ಆ ಎಂಜಿನ್ ಘತ್ತರಗಿಯವಂದು. ಅದರ ನಾಜಲ್ ತಗದು ನಿಂಬರ್ಗಾದವಗ ಹಾಕಿ ಕಳಿಸೇನಿ. ಅವನ ನೀರು ನಿಂದರಲಿಲ್ಲ. ಹೊಸಾದು ಬಂತಂದ್ರ ಇವಂದು ಇವಗ. ಹಿಂಗೇ ನಡೀತದ ಜಗತ್ತು."

"ಇಲ್ಲಿ ಎಂಜಿನ್ ನಿಂತ್ರ ನೀರು ನಿಲ್ತದ್ರಿ ಚಾಚಾ," ಎಂದ ಶಾಂತು ಮೆಲ್ಲಗೆ. "ಅಷ್ಟೇ."

ಆ ಮಾತು ಬುರಾನುದ್ದೀನನಿಗೆ ಕೇಳಿಸಿತು. ಕೇಳಿಸಿದ್ದಷ್ಟೇ ಅಲ್ಲ, ಎಲ್ಲಿ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು. ಹದಿನೈದು ವರ್ಷ ವಿಮಾನದ ಹೊಟ್ಟೆಯೊಳಗೆ ಕೈ ಹಾಕಿದವನಿಗೆ, ಬಿಚ್ಚಿ ಹಾಕಿದ ಪಾರ್ಟಿಗೆ ಎಷ್ಟು ವಯಸ್ಸಾಗಿದೆ ಎಂದು ನೋಡಿದರೆ ತಿಳಿಯದು ಎಂಬುದು ಗೊತ್ತಿತ್ತು.

ಶಾಂತು ಜೇಬಿನಿಂದ ಒಂದು ಕಾಗದ ತೆಗೆದ. "ಸಾಮಾನು ಸಾಗಿಸೂ ದೊಡ್ಡ ವಿಮಾನದ ಕಡೆ ಹೋಗಬೇಕಂದ್ರ ಅರ್ಜಿ ಕೊಡು ಅಂತ ನಮ್ಮ ಸಾಹೇಬ್ರು ಅಂದಾರ. ಸೋಮವಾರ ಹೋದಕೂಡಲೇ ಕೊಡಬೇಕು. ನೀವು ಹ್ಞೂಂ ಅಂದ್ರ ಕೊಡ್ತೇನಿ."

ಬುರಾನುದ್ದೀನ ಆ ಹೊತ್ತಿನಲ್ಲಿ ಹುಡುಗನನ್ನು ನೋಡಬೇಕಿತ್ತು. ಆದರೆ ಅವನ ಕಣ್ಣ ಮುಂದೆ ಬಂದದ್ದು ಹೋಟೆಲು. ತಾನು ಹೊಗಳಿದ ಯುದ್ಧವಿಮಾನವನ್ನು ಶಾಂತುವೇ ಬಿಟ್ಟ ಸುದ್ದಿ ಊರಿಗೆ ಬಂದರೆ ನಾಗಣ್ಣ ಹತ್ತು ಮಂದಿಯ ನಡುವೆ ಏನನ್ನುತ್ತಾನೆ ಎಂಬುದು ಆಗಲೇ ಕಿವಿಗೆ ಬಿದ್ದಂತಾಯಿತು.

"ಅರಬ್ಬೀ ಕುದರಿ ಇಳದು ಹೇರಿನ ಕತ್ತೆ ಹತ್ತತೀ ಏನಲೇ?" ಎಂದುಬಿಟ್ಟ.

ಶಾಂತು ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ನಕ್ಕ, ಕಾಗದ ಮಡಚಿ ಜೇಬಿಗಿಟ್ಟ. ಶೆಡ್ಡಿನ ಹಿಂದಿನ ಮನೆಯಿಂದ ಬುರಾನುದ್ದೀನನ ಹೆಂಡತಿ ಮೆಹರಾಜಬೇಗಂ ತಂದುಕೊಟ್ಟ ಶೀರ್ ಖುರ್ಮಾ ಎರಡು ಬಟ್ಟಲು ತಿಂದು ಹೋದ. ಹದಿನೈದು ದಿನಕ್ಕೆ ಬುರಾನುದ್ದೀನನ ಹೆಸರಿಗೆ ಒಂದು ಕಾರ್ಡು ಬಂತು: "ಕುದುರೆಯ ಮೇಲೇ ಇದ್ದೇನೆ ಚಾಚಾ."

ಫೆಬ್ರವರಿಯಲ್ಲಿ, ಅಡತಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲದಂತೆ ತೊಗರಿ ಬೀಳುವ ವಾರದಲ್ಲಿ, ಪೊಲೀಸರು ಬಂದು ನಾಗಣ್ಣನನ್ನು ಹೊರಗೆ ಕರೆದರು. ಶಾಂತುವಿನ ವಿಮಾನ ಬಿದ್ದಿತ್ತು. ಮೂರನೆಯ ದಿನ ಪೆಟ್ಟಿಗೆ ಬಂತು.

ನಾಗಣ್ಣನ ಮೂಲ ಊರು ನಿಂಬರ್ಗಾ. ಅಲ್ಲಿನ ಹೊಲದಲ್ಲಿ ಸಂಪ್ರದಾಯದಂತೆ ಚೌಕಾಗಿ ಕುಣಿ ತೋಡಿಸಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಸಿ, ವಿಭೂತಿ ಹಚ್ಚಿ, ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಕಳಿಸುತ್ತಾರೆ. ಪೆಟ್ಟಿಗೆಯ ಜೊತೆ ಬಂದ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಅವನು ಬುರಾನುದ್ದೀನನನ್ನು ಬದಿಗೆ ಕರೆದು, ತೆರೆಯಗೊಡಬೇಡಿ ಎಂದು ಹಿಂದಿಯಲ್ಲಿ ಹೇಳಿದ. ಹೇಳಬೇಕಾಗಿರಲಿಲ್ಲ. ನೌಕರಿಯ ಕಾಲದಲ್ಲಿ ಬುರಾನುದ್ದೀನ ಅಂಥ ಪೆಟ್ಟಿಗೆಗೆ ಎರಡು ಸಲ ಹೆಗಲು ಕೊಟ್ಟಿದ್ದ.

ಶಾಂತುವಿನ ತಾಯಿ ಗೌರಾಬಾಯಿ ಹೆಂಗಸರ ಕೈ ಬಿಡಿಸಿಕೊಂಡು ಬಂದಳು. ಮುಷ್ಟಿಯಲ್ಲಿ ಮಗನ ಇಷ್ಟಲಿಂಗವಿತ್ತು.

"ತಗೀರಿ ಅದನ್ನ. ನನ್ನ ಮಗ ಮಲಕೊಂಡು ಹೋಗಬಾರದು. ಕುಂದರಸ್ರಿ ಅವಗ."

ಅವಳು ಬುರಾನುದ್ದೀನನ ಕಡೆ ತಿರುಗಿದಳು. "ಸಾಹೇಬಣ್ಣ, ನೀವರ ಹೇಳ್ರಿ. ನೀವು ಅದೇ ನೌಕರಿ ಮಾಡೀರಿ. ಕುಂದರಸೂದು ಬ್ಯಾಡ ಹೋಗಲಿ. ಎಡಗೈ ಒಂದು ಹೊರಗ ತಗದು ಕೊಡ್ರಿ. ಲಿಂಗ ಇಡ್ತೇನಿ."

"ಇಲ್ರಿ ವೈನಿ," ಎಂದ ಬುರಾನುದ್ದೀನ.

"ಏನ್ ಇಲ್ಲ?"

ಅವನು ತಲೆ ಅಲ್ಲಾಡಿಸಿದ. ಅವಳಿಗೆ ತಿಳಿಯಿತು. ನಿಂತಲ್ಲೇ ಮಣ್ಣಿನ ಮೇಲೆ ಕೂತಳು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಅವಳ ಮುಷ್ಟಿ ಮೆಲ್ಲಗೆ ಬಿಡಿಸಿ ಲಿಂಗವನ್ನು ಪೆಟ್ಟಿಗೆಯ ಮೇಲೆ ಇಟ್ಟರು. ಚೌಕದ ಕುಣಿಯಲ್ಲಿ ಪೆಟ್ಟಿಗೆ ಇಳಿಯಲಿಲ್ಲ. ಆಳುಗಳು ಮತ್ತೆ ಗುದ್ದಲಿ ತಗೊಂಡು ಅದನ್ನು ಉದ್ದ ಮಾಡಿದರು. ಎರೆಮಣ್ಣು ಬಿರುಸಾಗಿತ್ತು, ಮುಕ್ಕಾಲು ತಾಸು ಹಿಡಿಯಿತು. ಅಷ್ಟೂ ಹೊತ್ತು ತಾಯಿ ಆ ಸಪ್ಪಳ ಕೇಳುತ್ತ ಕೂತಿದ್ದಳು.

ಆರು ದಿನ ಬುರಾನುದ್ದೀನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಅರ್ಜಿಯ ಮಾತು ನಾಗಣ್ಣನಿಗೆ ಹೇಳಬೇಡಿರೆಂದು ಮೆಹರಾಜಬೇಗಂ ಕಾಲು ಹಿಡಿದಳು. ಅವನು ಏಳನೆಯ ದಿನ ಅಡತಿ ಅಂಗಡಿಗೆ ಹೋದ. ಬಿಚ್ಚಿ ಹಾಕುತ್ತಿದ್ದ ಹಳೇ ಪಾರ್ಟಿನ ಮಾತು, ಅರ್ಜಿಯ ಸಂಗತಿ, ಹುಡುಗ ಕೇಳಿದ್ದು, ತಾನು ಅಂದದ್ದು, ಯಾಕೆ ಹಾಗೆ ಅಂದೆ ಎಂಬುದು, ಒಂದನ್ನೂ ಬಿಡದೆ ಹೇಳಿದ. ನಾಗಣ್ಣ ತೊಗರಿ ಚೀಲಕ್ಕೆ ಒರಗಿ ಕೇಳಿಸಿಕೊಂಡ.

"ಹಳೇ ಪಾರ್ಟಿನಿಂದೇ ಬಿತ್ತೇನು?" ಎಂದು ಕೇಳಿದ.

"ಗೊತ್ತಿಲ್ಲ. ಆಗಿರಬಹುದು, ಆಗಿರಲಿಕ್ಕಿಲ್ಲ. ಯಾರೂ ಹೇಳಾಂಗಿಲ್ಲ."

"ಹಂಗಾದ್ರ ನನಗ ಯಾಕ ಹೇಳಿದಿ, ಬುರಾನಸಾಬ?" ನಾಗಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. "ಮಗನ ಮಾತು ಆಡಬೇಕಂದ್ರ ನನಗ ನೀ ಒಬ್ಬಾಂವ ಇದ್ದಿ. ಇನ್ನ ನಿನ್ನ ಮಾರಿ ಹ್ಯಾಂಗ ನೋಡ್ಲಿ?"

ಅವನು ಎದ್ದು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ವಿಮಾನ ಯಾಕೆ ಬಿತ್ತೆಂದು ನಾಗಣ್ಣನ ಮನೆಗೆ ಕೊನೆಗೂ ಯಾರೂ ಬರೆದು ತಿಳಿಸಲಿಲ್ಲ. ನಿಜ ಹೇಳಿದ್ದರಿಂದ ಬುರಾನುದ್ದೀನನ ಎದೆಯ ಭಾರ ಒಂದು ಚೂರು ಇಳಿಯಿತು, ಅವನಿಗೆ ದಕ್ಕಿದ್ದು ಅಷ್ಟೇ. ಕಳೆದದ್ದು ಇಪ್ಪತ್ತಾರು ವರ್ಷದ ಗೆಳೆತನ. ನಾಗಣ್ಣ ಮೊದಲು ಮಗನನ್ನು ಕಳೆದುಕೊಂಡಿದ್ದ, ಆ ಮಗನಿಗಾಗಿ ತನ್ನ ಜೊತೆ ಕೂತು ಅಳಬಹುದಾಗಿದ್ದ ಒಬ್ಬನೇ ಗೆಳೆಯನನ್ನು ಆಮೇಲೆ ಕಳೆದುಕೊಂಡ.